ಆಕಾಶದ ಮುಯ್ಯಾಳು

1992ರ ಆಗಸ್ಟ್ ತಿಂಗಳಲ್ಲಿ ಆ್ಯಂಡ್ರೂ ಚಂಡಮಾರುತ ಅಟ್ಲಾಂಟಿಕ್ ದಾಟಿ ಫ್ಲಾರಿಡಾದತ್ತ ನುಗ್ಗುತ್ತಿದ್ದಾಗ ಅದರ ಮೇಲೆ ಕಣ್ಣಿಟ್ಟಿದ್ದ ಉಪಗ್ರಹಗಳಲ್ಲಿ ಒಂದು ಅಮೆರಿಕದ್ದಲ್ಲ, ಯುರೋಪಿನದು. ಹೆಸರು ಮೀಟಿಯೊಸ್ಯಾಟ್‌–3. ಭೂಸ್ಥಿರ ಕಕ್ಷೆಯಲ್ಲಿ ಅಮೆರಿಕ ಇಟ್ಟಿದ್ದ ಎರಡು ಹವಾಮಾನ ಉಪಗ್ರಹಗಳ ಪೈಕಿ ಒಂದು 1989ರಲ್ಲೇ ಕುರುಡಾಗಿತ್ತು. ಹೊಸದು ತಯಾರಾಗುವುದು ವರ್ಷ ವರ್ಷ ಮುಂದಕ್ಕೆ ಹೋಗುತ್ತಿತ್ತು. ಉಳಿದ ಒಂದೇ ಒಂದು ಉಪಗ್ರಹ ಪೆಸಿಫಿಕ್‌ನಿಂದ ಅಟ್ಲಾಂಟಿಕ್‌ವರೆಗೆ ಎಲ್ಲವನ್ನೂ ನೋಡಬೇಕಿತ್ತು. ಆಗ ಯುರೋಪಿನವರು ತಮ್ಮ ಬಳಿ ಹೆಚ್ಚುವರಿಯಾಗಿದ್ದ ಉಪಗ್ರಹವನ್ನು ಪಶ್ಚಿಮಕ್ಕೆ ಸರಿಸಿ ಅಟ್ಲಾಂಟಿಕ್ ನೆತ್ತಿಯ ಮೇಲೆ ನಿಲ್ಲಿಸಿದರು. ಮರುವರ್ಷ ಅದನ್ನು ಇನ್ನೂ ಪಶ್ಚಿಮಕ್ಕೆ, ಅಮೆರಿಕದ ಪೂರ್ವ ಕರಾವಳಿಯ ರೇಖಾಂಶಕ್ಕೇ ಒಯ್ದರು.

ಹತ್ತು ವರ್ಷದ ಬಳಿಕ ಸರದಿ ಜಪಾನಿನದಾಯಿತು. 1999ರ ನವೆಂಬರ್‌ನಲ್ಲಿ ಅದರ ಹೊಸ ಹವಾಮಾನ ಉಪಗ್ರಹ ರಾಕೆಟ್ ಸಮೇತ ನಾಶವಾಯಿತು. ಕಕ್ಷೆಯಲ್ಲಿದ್ದ ಹಳೆಯದಕ್ಕೆ ವಯಸ್ಸಾಗಿತ್ತು. ಅಮೆರಿಕ ತಾನು ಕಾಯ್ದಿರಿಸಿದ್ದ ಗೋಸ್‌–9 ಉಪಗ್ರಹವನ್ನು ಪಶ್ಚಿಮ ಪೆಸಿಫಿಕ್‌ಗೆ ಸರಿಸಿಕೊಟ್ಟಿತು. 2003ರ ಮೇ ತಿಂಗಳಿಂದ ಜಪಾನಿನ ಸ್ವಂತ ಉಪಗ್ರಹ ಸೇವೆಗೆ ಬರುವ ತನಕ ಪೂರ್ವ ಏಷ್ಯಾದ ಟೈಫೂನ್‌ಗಳನ್ನು ನೋಡಿದ್ದು ಆ ಎರವಲು ಕಣ್ಣು.

ಈ ಲೆಕ್ಕದಲ್ಲಿ ನಮ್ಮ ಹಿಂದೂ ಮಹಾಸಾಗರವೂ ಇದೆ, ಅದೂ ಎರಡು ಸಲ. 1978–79ರಲ್ಲಿ ಇಡೀ ಭೂಮಿಯ ವಾಯುಮಂಡಲವನ್ನು ಒಂದು ವರ್ಷ ಸತತವಾಗಿ ಅಳೆಯುವ ಜಾಗತಿಕ ಪ್ರಯೋಗ ನಡೆಯಿತು. ಅದಕ್ಕೆ ಭೂಮಿಯ ಸುತ್ತ ಐದು ಭೂಸ್ಥಿರ ಉಪಗ್ರಹಗಳು ಬೇಕಿದ್ದವು. ಹಿಂದೂ ಮಹಾಸಾಗರದ ಜಾಗ ಸೋವಿಯತ್ ಒಕ್ಕೂಟದ ಪಾಲಿನದು, ಆದರೆ ಅವರ ಉಪಗ್ರಹ ಸಿದ್ಧವಿರಲಿಲ್ಲ. ಅಮೆರಿಕ ತನ್ನ ಗೋಸ್‌–1ನ್ನು ಇತ್ತ ಸರಿಸಿತು. ಅದರ ಸಂಕೇತಗಳನ್ನು ಹಿಡಿದು ನಡೆಸಿದವರು ಸ್ಪೇನ್‌ನಲ್ಲಿದ್ದ ಯುರೋಪಿನ ಎಂಜಿನಿಯರುಗಳು. ಅದೇ ಪ್ರಯೋಗದ ಅಂಗವಾಗಿ 1979ರಲ್ಲಿ ನಡೆದ ಮಾನ್ಸೂನ್ ಅಧ್ಯಯನದ ವಿಜ್ಞಾನಿಗಳು ನಮ್ಮ ಮುಂಗಾರಿನ ಮೋಡಗಳು ಸಾಗರದ ಮೇಲೆ ಸಾಗಿಬರುವುದನ್ನು ನೋಡಿದ್ದು ಆ ಚಿತ್ರಗಳಲ್ಲಿ. ಎರಡನೆಯ ಸಲ 1998ರಲ್ಲಿ. ಹಿಂದೂ ಮಹಾಸಾಗರದ ಮೇಲಿನ ಹೊಗೆ–ದೂಳಿನ ಪದರವನ್ನು ಅಭ್ಯಸಿಸುವ ಇಂಡೋಎಕ್ಸ್ ಪ್ರಯೋಗಕ್ಕಾಗಿ ಯುರೋಪ್ ತನ್ನ ಮೀಟಿಯೊಸ್ಯಾಟ್‌–5ನ್ನು 63 ಡಿಗ್ರಿ ಪೂರ್ವ ರೇಖಾಂಶಕ್ಕೆ ತಂದು ನಿಲ್ಲಿಸಿತು. ಪ್ರಯೋಗ ಮುಗಿದ ಮೇಲೂ ಅದು ಮರಳಲಿಲ್ಲ. ಅದರ ನಂತರ ಒಂದಾದ ಮೇಲೊಂದು ಮೀಟಿಯೊಸ್ಯಾಟ್ ಹಿಂದೂ ಮಹಾಸಾಗರದ ಮೇಲೆ ನಿಲ್ಲುವುದು ವಾಡಿಕೆಯಾಗಿದೆ.

ಮಲೆನಾಡಿನ ನಾಟಿ ಕಾಲದಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು, ಕೆಲವೆಡೆ ಈಗಲೂ ಇದೆ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಇದರಲ್ಲಿ ದಾನದ ಮಾತಿಲ್ಲ, ಕೂಲಿಯ ಮಾತೂ ಇಲ್ಲ. ಮಳೆ ನಿಲ್ಲುವ ಮೊದಲು ಸಸಿ ನೆಲ ಮುಟ್ಟಬೇಕು, ಒಂದೇ ಮನೆಯ ಕೈಗಳಿಗೆ ಅದು ಆಗುವಂಥದ್ದಲ್ಲ, ಅಷ್ಟೇ ಅದರ ತರ್ಕ. ಭೂಮಿಯನ್ನು ಮೇಲಿನಿಂದ ನೋಡುವ ದೇಶಗಳ ನಡುವೆ ಕಳೆದ ಆರು ದಶಕಗಳಲ್ಲಿ ಬೆಳೆದಿರುವ ಕೊಡುಕೊಳೆ ಈ ತರ್ಕದ ಮೇಲೆಯೇ ನಿಂತಿದೆ. ಆದ್ದರಿಂದ ಅದನ್ನು ಶ್ರೀಮಂತ ದೇಶಗಳ ಔದಾರ್ಯವೆಂದು ಬಣ್ಣಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಎಲ್ಲರ ಅಗತ್ಯ.

ಅಗತ್ಯ ಏಕೆಂದರೆ ಕಕ್ಷೆಯ ಲೆಕ್ಕವೇ ಹಾಗಿದೆ. ಸುಮಾರು 700 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ದೂರಸಂವೇದಿ ಉಪಗ್ರಹ ದಿನಕ್ಕೆ ಹದಿನಾಲ್ಕು ಬಾರಿ ಭೂಮಿಯನ್ನು ಸುತ್ತುತ್ತದೆ. ಭಾರತದ ಉಪಗ್ರಹವೇ ಆದರೂ ಭಾರತದ ನೆಲದ ಮೇಲೆ ಅದು ಹಾಯುವುದು ಸ್ವಲ್ಪ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ಬೇರೆಯವರ ಹೊಲ, ಬೇರೆಯವರ ಕಾಡು, ಯಾರದೂ ಅಲ್ಲದ ಸಮುದ್ರ. ಮತ್ತೆ ಅದೇ ಜಾಗಕ್ಕೆ ಮರಳಲು ಅಮೆರಿಕದ ಲ್ಯಾಂಡ್‌ಸ್ಯಾಟ್‌ಗೆ 16 ದಿನ ಬೇಕು. ಆ ದಿನ ಮೋಡ ಕವಿದಿದ್ದರೆ ಇನ್ನೂ 16 ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆಯ ಮೇಲೆ ಮೋಡವಿಲ್ಲದ ಬೆಳಗು ಸಿಗಬೇಕೆಂದರೆ ಅದೃಷ್ಟ ಬೇಕು. ಆದರೆ ಎರಡು ಲ್ಯಾಂಡ್‌ಸ್ಯಾಟ್‌ಗಳ ಜೊತೆಗೆ ಯುರೋಪಿನ ಸೆಂಟಿನೆಲ್‌–2 ಜೋಡಿಯ ಚಿತ್ರಗಳನ್ನೂ ಸೇರಿಸಿಕೊಂಡರೆ ಅದೇ ಜಾಗ ಎರಡು–ಮೂರು ದಿನಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ಮೋಡವನ್ನು ಭೇದಿಸುವ ರಾಡಾರ್ ಉಪಗ್ರಹಗಳನ್ನು ಸೇರಿಸಿದರೆ ಮಳೆಗಾಲದಲ್ಲೂ ನೆಲ ಕಾಣುತ್ತದೆ. ಇಷ್ಟೆಲ್ಲವನ್ನು ಒಂದೇ ದೇಶ ಕಟ್ಟಿ ಹಾರಿಸಿ ನಡೆಸುವುದು ಆಗದ ಮಾತು.

ಹವಾಮಾನದ ಮಟ್ಟಿಗೆ ಈ ಅರಿವು ಬೇಗ ಬಂತು. ಮೊದಲ ಹವಾಮಾನ ಉಪಗ್ರಹ ಟೈರೋಸ್‌–1 ಹಾರಿದ್ದು 1960ರ ಏಪ್ರಿಲ್ 1ರಂದು. ಮರುವರ್ಷ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಮಾತನಾಡಿದ ಅಧ್ಯಕ್ಷ ಕೆನಡಿ, ಹವಾಮಾನ ಮುನ್ಸೂಚನೆಯಲ್ಲಿ ಎಲ್ಲ ದೇಶಗಳೂ ಕೈಜೋಡಿಸಬೇಕೆಂಬ ಪ್ರಸ್ತಾವ ಇಟ್ಟರು. 1963ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಆಶ್ರಯದಲ್ಲಿ ‘ವಿಶ್ವ ಹವಾಮಾನ ವೀಕ್ಷಣೆ’ ಎಂಬ ಜಾಲ ಹುಟ್ಟಿತು. ಅದೇ ವರ್ಷದ ಕೊನೆಯಲ್ಲಿ ಹಾರಿದ ಟೈರೋಸ್‌–8ರಲ್ಲಿ ಒಂದು ಹೊಸ ವ್ಯವಸ್ಥೆ ಇತ್ತು. ಉಪಗ್ರಹ ತಾನು ಹಾದುಹೋಗುವ ಕಡೆಯಲ್ಲೆಲ್ಲ ಚಿತ್ರವನ್ನು ಬಿತ್ತರಿಸುತ್ತ ಹೋಗುತ್ತದೆ. ಸಾಧಾರಣ ಬೆಲೆಯ ಆಂಟೆನಾ ಇಟ್ಟುಕೊಂಡ ಯಾರು ಬೇಕಾದರೂ ಅದನ್ನು ಹಿಡಿದುಕೊಳ್ಳಬಹುದು. ಅನುಮತಿ ಬೇಡ, ಶುಲ್ಕ ಬೇಡ. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಧ್ಯಯನದ ಆ ಕಾಲದಲ್ಲಿ ಮುಂಬೈಗೂ ಅಂಥ ಯಂತ್ರ ಬಂತು. ಶೀತಲ ಸಮರದ ನಡುಮಧ್ಯದಲ್ಲಿ, ಕ್ಯೂಬಾ ಬಿಕ್ಕಟ್ಟಿನ ಮರುವರ್ಷ ಹೀಗೊಂದು ನಡೆಯಿತು ಎನ್ನುವುದನ್ನು ಓದಿದಾಗಲೆಲ್ಲ ನನಗೆ ಮನುಷ್ಯರ ಬಗ್ಗೆ ಭರವಸೆ ಮೂಡುತ್ತದೆ.

ಮೋಡದ ಚಿತ್ರ ಹಂಚುವುದು ಸುಲಭ. ನೆಲದ ಚಿತ್ರ ಹಾಗಲ್ಲ. ನೆಲದಲ್ಲಿ ಸೇನೆ ಇದೆ, ಗಣಿ ಇದೆ, ಎಣ್ಣೆ ಇದೆ, ಬೆಳೆ ಎಷ್ಟು ಬರುತ್ತದೆಂಬ ಗುಟ್ಟಿದೆ. 1972ರ ಜುಲೈ 23ರಂದು ಮೊದಲ ಲ್ಯಾಂಡ್‌ಸ್ಯಾಟ್ ಹಾರಿದಾಗ ಹಲವು ದೇಶಗಳಿಗೆ ಅನುಮಾನ ಬಂತು. ನಮ್ಮ ನೆಲವನ್ನು ನಮ್ಮ ಒಪ್ಪಿಗೆ ಇಲ್ಲದೆ ಚಿತ್ರಿಸುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ಲ್ಯಾಟಿನ್ ಅಮೆರಿಕದ ದೇಶಗಳು ವಿಶ್ವಸಂಸ್ಥೆಯಲ್ಲಿ ಕೇಳಿದವು. ವಾದ ದಶಕಕ್ಕೂ ಹೆಚ್ಚು ಕಾಲ ನಡೆದು 1986ರ ಡಿಸೆಂಬರ್ 3ರಂದು ಸಾಮಾನ್ಯ ಸಭೆ ಹದಿನೈದು ತತ್ವಗಳನ್ನು ಅಂಗೀಕರಿಸಿತು. ಮೊದಲೇ ಒಪ್ಪಿಗೆ ಪಡೆಯಬೇಕೆಂಬ ಬೇಡಿಕೆ ಅದರಲ್ಲಿ ಉಳಿಯಲಿಲ್ಲ. ಬದಲಿಗೆ, ಯಾವ ದೇಶದ ನೆಲವನ್ನು ಚಿತ್ರಿಸಲಾಗಿದೆಯೋ ಆ ದೇಶಕ್ಕೆ ಆ ದತ್ತಾಂಶ ತಾರತಮ್ಯವಿಲ್ಲದೆ, ನ್ಯಾಯವಾದ ಬೆಲೆಗೆ ಸಿಗಬೇಕು ಎಂಬ ಹನ್ನೆರಡನೆಯ ತತ್ವ ಬಂತು. ವಿಪತ್ತಿಗೆ ಸಿಕ್ಕ ದೇಶಕ್ಕೆ ನೆರವಾಗಬಲ್ಲ ಮಾಹಿತಿ ಯಾರ ಬಳಿ ಇದ್ದರೂ ಆದಷ್ಟು ಬೇಗ ತಲುಪಿಸಬೇಕೆಂದು ಇನ್ನೊಂದು ತತ್ವ ಹೇಳಿತು. ಈ ತತ್ವಗಳನ್ನು ಮುರಿದರೆ ಶಿಕ್ಷೆ ಇಲ್ಲ. ಆದರೂ ಮುಂದೆ ಬಂದದ್ದರ ಬೀಜ ಅಲ್ಲಿದೆ.

‘ನ್ಯಾಯವಾದ ಬೆಲೆ’ ಎಂದರೆ ಎಷ್ಟು? ಇದೇ ಪ್ರಶ್ನೆ ಲ್ಯಾಂಡ್‌ಸ್ಯಾಟ್‌ನ ಬದುಕಿನಲ್ಲಿ ಒಂದು ಕರಾಳ ಅಧ್ಯಾಯ ಬರೆಯಿತು. 1984ರಲ್ಲಿ ಅಮೆರಿಕ ಒಂದು ಕಾನೂನು ತಂದು ಲ್ಯಾಂಡ್‌ಸ್ಯಾಟ್ ಚಿತ್ರಗಳ ಮಾರಾಟವನ್ನು ಇಯೋಸ್ಯಾಟ್ ಎಂಬ ಖಾಸಗಿ ಕಂಪನಿಯ ಕೈಗೆ ಒಪ್ಪಿಸಿತು. ಒಂದು ಚಿತ್ರದ ಬೆಲೆ ಏರುತ್ತ ಏರುತ್ತ 4,400 ಡಾಲರ್ ಮುಟ್ಟಿತು. ಹತ್ತು ವರ್ಷದ ಬದಲಾವಣೆ ಅಭ್ಯಸಿಸಬೇಕಾದ ಸಂಶೋಧಕ ಎರಡೇ ಚಿತ್ರ ಕೊಂಡು, ನಡುವಿನದನ್ನು ಊಹಿಸಿಕೊಳ್ಳಬೇಕಾಯಿತು. ಬಡ ದೇಶಗಳ ವಿಶ್ವವಿದ್ಯಾಲಯಗಳಿಗೆ ಅದೂ ದಕ್ಕಲಿಲ್ಲ. ಆದರೆ ಬೆಲೆಗಿಂತ ದೊಡ್ಡ ಹಾನಿ ಬೇರೆ ಕಡೆ ಆಯಿತು. ಕೊಳ್ಳುವವರು ಯಾರೂ ಇಲ್ಲದ ಪ್ರದೇಶಗಳ ಮೇಲೆ ಉಪಗ್ರಹ ಹಾದಾಗ ಚಿತ್ರ ತೆಗೆಯುವುದೇ ಕಡಿಮೆಯಾಯಿತು. ಗಿರಾಕಿ ಇಲ್ಲದ ನೆಲಗಳ 1980ರ ದಶಕದ ಎಷ್ಟೋ ಋತುಗಳು ಯಾವ ಸಂಗ್ರಹದಲ್ಲೂ ಇಲ್ಲ. ಆ ದಿನಗಳನ್ನು ಈಗ ಯಾವ ಹಣ ಕೊಟ್ಟೂ ತರಲಾಗದು. ಮಾರುಕಟ್ಟೆಯೊಂದೇ ಆರಿಸಿದರೆ ಭೂಮಿಯ ಯಾವ ಭಾಗ ನೆನಪಿನಿಂದ ಜಾರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ.

1993ರಲ್ಲಿ ಲ್ಯಾಂಡ್‌ಸ್ಯಾಟ್‌–6 ಕಕ್ಷೆ ಸೇರದೆ ನಾಶವಾಯಿತು. ಆಗ ಇಯೋಸ್ಯಾಟ್ ಕಂಪನಿಯ ಕೈ ಹಿಡಿದದ್ದು ಭಾರತ. ನಮ್ಮ ಐಆರ್‌ಎಸ್ ಸರಣಿಯ ಉಪಗ್ರಹಗಳ ಚಿತ್ರಗಳನ್ನು ಇಸ್ರೊದ ವಾಣಿಜ್ಯ ಅಂಗವಾದ, ಬೆಂಗಳೂರಿನ ಆಂಟ್ರಿಕ್ಸ್ ಮೂಲಕ ಅದು ಕೊಂಡಿತು. ಒಕ್ಲಹೋಮಾದ ನಾರ್ಮನ್‌ನಲ್ಲಿದ್ದ ಭೂಕೇಂದ್ರ ಭಾರತದ ಉಪಗ್ರಹಗಳಿಗೆ ಕಿವಿಗೊಟ್ಟಿತು. 1995ರ ಡಿಸೆಂಬರ್‌ನಲ್ಲಿ ಹಾರಿದ ಐಆರ್‌ಎಸ್–1ಸಿಯ 5.8 ಮೀಟರ್ ಸ್ಪಷ್ಟತೆಯ ಕ್ಯಾಮೆರಾ ಅಂದಿನ ನಾಗರಿಕ ಉಪಗ್ರಹಗಳಲ್ಲೇ ಮೇಲುಗೈ ಪಡೆದಿತ್ತು. 1979ರಲ್ಲಿ ಹೈದರಾಬಾದ್ ಬಳಿಯ ಶಾದನಗರದಲ್ಲಿ ಭೂಕೇಂದ್ರ ಕಟ್ಟಿ, ವರ್ಷ ವರ್ಷ ಶುಲ್ಕ ತೆತ್ತು ಲ್ಯಾಂಡ್‌ಸ್ಯಾಟ್ ಚಿತ್ರ ಇಳಿಸಿಕೊಳ್ಳುತ್ತಿದ್ದ ದೇಶ ಹದಿನೈದಿಪ್ಪತ್ತು ವರ್ಷದೊಳಗೆ ಕೊಡುವ ಸಾಲಿಗೆ ಬಂದಿತ್ತು.

1999ರಲ್ಲಿ ಲ್ಯಾಂಡ್‌ಸ್ಯಾಟ್‌–7 ಹಾರುವ ಹೊತ್ತಿಗೆ ಅಮೆರಿಕ ಸರ್ಕಾರ ತನ್ನ ತಪ್ಪು ಕಂಡುಕೊಂಡು ಕಾರ್ಯಕ್ರಮವನ್ನು ಹಿಂದಕ್ಕೆ ಪಡೆದಿತ್ತು. ಬೆಲೆ 600 ಡಾಲರಿಗೆ ಇಳಿಯಿತು. 2003ರ ಮೇ 31ರಂದು ಆ ಉಪಗ್ರಹದ ಸ್ಕ್ಯಾನರ್‌ನ ಒಂದು ಭಾಗ ಕೆಟ್ಟು, ಪ್ರತಿ ಚಿತ್ರದಲ್ಲೂ ಐದನೇ ಒಂದರಷ್ಟು ಭಾಗ ಪಟ್ಟೆಪಟ್ಟೆಯಾಗಿ ಖಾಲಿ ಬರತೊಡಗಿತು. ಖಾಲಿ ತುಂಬಲು ಬೇರೆ ದಿನಗಳ ಎರಡು–ಮೂರು ಚಿತ್ರ ಬೇಕು. ಹರಕು ಚಿತ್ರಕ್ಕೆ ಮೂರು ಪಟ್ಟು ಹಣ ಯಾರು ಕೊಡುತ್ತಾರೆ? ಈ ಮಧ್ಯೆ 2004ರಲ್ಲಿ ಬ್ರೆಜಿಲ್, ಚೀನಾದ ಜೊತೆ ಸೇರಿ ಹಾರಿಸಿದ್ದ ಸಿಬರ್ಸ್ ಉಪಗ್ರಹದ ಚಿತ್ರಗಳನ್ನು ತನ್ನ ಜನರಿಗೆ ಉಚಿತವಾಗಿ ಕೊಡಲು ಶುರುಮಾಡಿತ್ತು. ಮುಂದೆ ಆಫ್ರಿಕಾದ ದೇಶಗಳಿಗೂ ಆ ಬಾಗಿಲು ತೆರೆಯಿತು. ಮೊದಲು ತೆರೆದದ್ದು ಒಂದು ಅಭಿವೃದ್ಧಿಶೀಲ ದೇಶ ಎಂಬುದನ್ನು ಈ ಇತಿಹಾಸ ಹೇಳುವವರು ಹೆಚ್ಚಾಗಿ ಮರೆಯುತ್ತಾರೆ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. 2008ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಲ್ಯಾಂಡ್‌ಸ್ಯಾಟ್‌ನ ಇಡೀ ಸಂಗ್ರಹವನ್ನು ಎಲ್ಲರಿಗೂ ಉಚಿತ ಮಾಡಿತು. ಸಂಸ್ಥೆಯ ಒಳಗಿನಿಂದ ಇದಕ್ಕಾಗಿ ದುಡಿದವರಲ್ಲಿ ಬಾರ್ಬರಾ ರಯಾನ್ ಒಬ್ಬರು.

ಮುಂದಾದದ್ದನ್ನು ಅಂಕಿಗಳೇ ಹೇಳುತ್ತವೆ. ಮಾರಾಟದ ಕಾಲದ ಅತ್ಯುತ್ತಮ ವರ್ಷವಾದ 2001ರಲ್ಲಿ ಹೋದದ್ದು ಸುಮಾರು 25 ಸಾವಿರ ಚಿತ್ರ. ಉಚಿತವಾದ ಮೇಲೆ ಒಂದೇ ವರ್ಷದಲ್ಲಿ ಅದು ಹತ್ತು ಲಕ್ಷ ದಾಟಿತು. 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ಮತ್ತು ಸಂಗಡಿಗರು ಇಡೀ ಭೂಮಿಯ ಕಾಡಿನ ಏರಿಳಿತವನ್ನು 30 ಮೀಟರ್ ಚೌಕದ ಲೆಕ್ಕದಲ್ಲಿ ಪ್ರಕಟಿಸಿದರು. ಅದಕ್ಕೆ ಬಳಸಿದ ಲ್ಯಾಂಡ್‌ಸ್ಯಾಟ್ ಚಿತ್ರಗಳು 6,54,178. ಹಳೆಯ 600 ಡಾಲರ್ ದರದಲ್ಲಿ ಗುಣಿಸಿದರೆ ಸುಮಾರು 39 ಕೋಟಿ ಡಾಲರ್. ಅಂಥ ಹಣವನ್ನು ಯಾವ ವಿಶ್ವವಿದ್ಯಾಲಯವೂ ಒಂದು ಪ್ರಬಂಧಕ್ಕೆ ಸುರಿಯುವುದಿಲ್ಲ. 2000ದಿಂದ 2012ರ ನಡುವೆ 23 ಲಕ್ಷ ಚದರ ಕಿಲೋಮೀಟರ್ ಮರಾವರಣ ಹೋಯಿತು, 8 ಲಕ್ಷ ಮರಳಿ ಬಂತು ಎಂಬ ಸತ್ಯ ಗೊತ್ತಾಗದೇ ಉಳಿಯುತ್ತಿತ್ತು.

ತೆರೆದ ಸಂಗ್ರಹದಿಂದ ಇನ್ನೊಂದು ಲಾಭವಿದೆ. 2019ರಲ್ಲಿ ಬ್ರೆಜಿಲ್‌ನ ಅಂದಿನ ಅಧ್ಯಕ್ಷ ಬೊಲ್ಸೊನಾರೊ, ಅಮೆಜಾನ್ ಕಾಡುನಾಶದ ಕುರಿತು ತನ್ನದೇ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಕೊಟ್ಟ ಅಂಕಿಗಳನ್ನು ಸುಳ್ಳೆಂದರು. ಅದರ ನಿರ್ದೇಶಕ ರಿಕಾರ್ಡೊ ಗಲ್ವಾವ್ ಹುದ್ದೆ ಕಳೆದುಕೊಂಡರು. ಆದರೆ ಚಿತ್ರಗಳು ಕಳೆದುಹೋಗಲಿಲ್ಲ. ಬೇರೆ ದೇಶದ ಯಾವ ಪ್ರಯೋಗಾಲಯದಲ್ಲಾದರೂ ಯಾರಾದರೂ ಅದೇ ಕಾಡನ್ನು ಮತ್ತೆ ಎಣಿಸಬಹುದಿತ್ತು, ಎಣಿಸಿದರು.

ಸಂಗ್ರಹ ಎಂದೆ. ಆ ಸಂಗ್ರಹ ಕಟ್ಟಿದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. ಹಳೆಯ ಲ್ಯಾಂಡ್‌ಸ್ಯಾಟ್‌ಗಳು ತೆಗೆದುದನ್ನೆಲ್ಲ ಹೊತ್ತು ಅಮೆರಿಕಕ್ಕೆ ಒಯ್ಯುವಷ್ಟು ದೊಡ್ಡ ರೆಕಾರ್ಡರುಗಳನ್ನು ಹೊಂದಿರಲಿಲ್ಲ. ಕೆನಡಾ, ಬ್ರೆಜಿಲ್, ಇಟಲಿ, ಭಾರತದಂಥ ದೇಶಗಳ ಭೂಕೇಂದ್ರಗಳು ತಮ್ಮ ಮೇಲೆ ಹಾದಾಗ ನೇರವಾಗಿ ಇಳಿಸಿಕೊಳ್ಳುತ್ತಿದ್ದವು. ಹಾಗಾಗಿ ಭೂಮಿಯ ಅರ್ಧಕ್ಕೂ ಹೆಚ್ಚಿನ ನೆನಪು ಅಮೆರಿಕದ ಹೊರಗೆ, ಹತ್ತಾರು ದೇಶಗಳ ಕಪಾಟುಗಳಲ್ಲಿ, ಹಳೆಯ ಮಾದರಿಯ ಟೇಪುಗಳಲ್ಲಿ ಉಳಿದಿತ್ತು. ಆ ಟೇಪು ಓದುವ ಯಂತ್ರಗಳು ಒಂದೊಂದೇ ಮೂಲೆ ಸೇರುತ್ತಿದ್ದವು. 2010ರಿಂದ ಅವನ್ನೆಲ್ಲ ಒಂದೆಡೆ ತರುವ ಕೆಲಸ ಶುರುವಾಯಿತು. 2015ರ ಆರಂಭದ ಹೊತ್ತಿಗೆ ದಕ್ಷಿಣ ಡಕೋಟಾದ ಕೇಂದ್ರ ಸಂಗ್ರಹದಲ್ಲಿದ್ದ ಸುಮಾರು 55 ಲಕ್ಷ ಚಿತ್ರಗಳಲ್ಲಿ 32 ಲಕ್ಷ ಹೀಗೆ ಹೊರಗಿನಿಂದ ಮರಳಿ ಬಂದವು. ಅಮೆರಿಕದ ಉಪಗ್ರಹದ ನೆನಪನ್ನು ಪೂರ್ತಿ ಮಾಡಿದವರು ಜಗತ್ತಿನ ಉಳಿದವರು.

ಇದರಲ್ಲಿ ನಮ್ಮ ಊರುಗಳೂ ಇವೆ. 1973ರ ಬೆಂಗಳೂರನ್ನು ಆಕಾಶದಿಂದ ಕಂಡು ಉಳಿಸಿಕೊಟ್ಟದ್ದು ಮೊದಲ ಲ್ಯಾಂಡ್‌ಸ್ಯಾಟ್. ಆಗ ಭಾರತಕ್ಕೆ ತನ್ನದೆಂಬ ಒಂದು ಉಪಗ್ರಹವೂ ಇರಲಿಲ್ಲ, ಆರ್ಯಭಟ ಹಾರಲು ಇನ್ನೂ ಎರಡು ವರ್ಷವಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಆ ಹಳೆಯ ಚಿತ್ರವನ್ನು ನಂತರದ ದಶಕಗಳ ಚಿತ್ರಗಳ ಪಕ್ಕ ಇಟ್ಟು ಲೆಕ್ಕ ಹಾಕಿತು. ನಾಲ್ಕು ದಶಕಗಳಲ್ಲಿ ನಗರದ ಹಸಿರು ಹೊದಿಕೆ ಶೇ 88ರಷ್ಟು, ಜಲಾವರಣ ಶೇ 79ರಷ್ಟು ಕುಗ್ಗಿದೆ ಎಂದು ಅವರ ಅಧ್ಯಯನ ಹೇಳಿತು. ಬೆಂಗಳೂರಿನ ಕೆರೆಗಳ ಕುರಿತು ನಡೆದ ಸಾರ್ವಜನಿಕ ವಾದಗಳಲ್ಲಿ ಈ ಅಂಕಿಗಳು ಮತ್ತೆ ಮತ್ತೆ ಬಂದಿವೆ. ‘ಇಲ್ಲಿ ಕೆರೆ ಇರಲೇ ಇಲ್ಲ’ ಎನ್ನುವವರ ಮುಂದೆ ಇಡಲು ಬೇರೆ ದೇಶದವರು ತೆಗೆದ, ಯಾರೂ ತಿದ್ದಲಾಗದ ಚಿತ್ರವಿದೆ.

ವಿಪತ್ತಿನ ವಿಷಯಕ್ಕೆ ಬರೋಣ. 1999ರ ಜುಲೈನಲ್ಲಿ ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮೂರನೆಯ ಬಾಹ್ಯಾಕಾಶ ಮಹಾಸಮ್ಮೇಳನ ನಡೆಯಿತು. ಅದರ ಅಧ್ಯಕ್ಷ ಪೀಠದಲ್ಲಿದ್ದವರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್, ನಮ್ಮ ಐಆರ್‌ಎಸ್ ಸರಣಿ ಶುರುವಾದಾಗ ಇಸ್ರೊದ ಅಧ್ಯಕ್ಷರಾಗಿದ್ದವರು. ಆ ಸಮ್ಮೇಳನದ ಬೆನ್ನಲ್ಲೇ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಮತ್ತು ಫ್ರಾನ್ಸಿನ ಸಂಸ್ಥೆ ಸೇರಿ ಒಂದು ಸನ್ನದು ರೂಪಿಸಿದವು. ದೊಡ್ಡ ವಿಪತ್ತು ಬಂದಾಗ ಸದಸ್ಯ ಸಂಸ್ಥೆಗಳು ತಮ್ಮ ಉಪಗ್ರಹಗಳನ್ನು ಆ ಜಾಗದತ್ತ ತಿರುಗಿಸಿ ಚಿತ್ರಗಳನ್ನು ಉಚಿತವಾಗಿ ಕೊಡಬೇಕು. 2000ದ ನವೆಂಬರ್ 1ರಂದು ಅದು ಜಾರಿಗೆ ಬಂತು. ಅದೇ ತಿಂಗಳು ಸ್ಲೊವೇನಿಯಾದ ಭೂಕುಸಿತಕ್ಕೆ ಮೊದಲ ಕರೆ ಹೋಯಿತು. ಇಸ್ರೊ 2001ರಲ್ಲೇ ಸೇರಿತು. ಈಗ ಹದಿನೇಳು ಸದಸ್ಯರಿದ್ದಾರೆ. ಅಮೆರಿಕ, ರಷ್ಯಾ, ಚೀನಾ, ಭಾರತ ಮೇಜಿನ ಒಂದೇ ಬದಿಗೆ ಕೂರುವ ಜಾಗಗಳು ಜಗತ್ತಿನಲ್ಲಿ ಹೆಚ್ಚಿಲ್ಲ, ಇದು ಅವುಗಳಲ್ಲೊಂದು.

ಕೆಲಸ ನಡೆಯುವ ಬಗೆ ಸರಳ. ವಿಪತ್ತು ನಿರ್ವಹಣೆಯ ಅಧಿಕೃತ ಸಂಸ್ಥೆ ಕರೆ ಮಾಡುತ್ತದೆ. ಹಗಲು ರಾತ್ರಿ ಎಚ್ಚರವಿರುವ ಒಬ್ಬ ಸಿಬ್ಬಂದಿ, ಕರೆ ನಿಜವೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಸದಸ್ಯ ಸಂಸ್ಥೆಗಳಿಂದ ಸರದಿಯಂತೆ ಬರುವ ತುರ್ತು ಅಧಿಕಾರಿ ಯಾವ ಉಪಗ್ರಹ ಆ ಜಾಗದ ಮೇಲೆ ಯಾವಾಗ ಹಾಯುತ್ತದೆ, ಅಲ್ಲಿ ಮೋಡವಿದೆಯೇ, ರಾಡಾರ್ ಬೇಕೇ ಎಂದು ನೋಡಿ ಬೇಡಿಕೆ ಕಳಿಸುತ್ತಾರೆ. ಚಿತ್ರ ಬಂದ ಮೇಲೆ ಅದನ್ನು ನಕ್ಷೆ ಮಾಡುವ ತಜ್ಞರು ಬೇರೆ. ಯಾವ ಸೇತುವೆ ಕೊಚ್ಚಿಹೋಗಿದೆ, ನೀರು ಎಲ್ಲಿಯತನಕ ನಿಂತಿದೆ ಎಂಬುದು ರಕ್ಷಣಾ ತಂಡದ ಕೈಗೆ ಸಿಗುವುದು ಆ ನಕ್ಷೆಯಲ್ಲಿ. 2004ರ ಸುನಾಮಿಯ ಮರುದಿನಗಳಲ್ಲಿ ಹಿಂದೂ ಮಹಾಸಾಗರದ ದಡದ ದೇಶಗಳಿಗಾಗಿ ಈ ವ್ಯವಸ್ಥೆ ದುಡಿಯಿತು. ಅದರ ಮಿತಿಯನ್ನೂ ಹೇಳಬೇಕು. ದಿಢೀರನೆ ಬರುವ ವಿಪತ್ತಿಗೆ ಮಾತ್ರ ಅದು ಎಚ್ಚೆತ್ತುಕೊಳ್ಳುತ್ತದೆ. ತಿಂಗಳುಗಟ್ಟಲೆ ತೆವಳಿಕೊಂಡು ಬರುವ ಬರ ಅದರ ಪಟ್ಟಿಯಲ್ಲಿಲ್ಲ. ಕಲಬುರ್ಗಿ, ಚಿತ್ರದುರ್ಗದ ರೈತನಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ವಿಪತ್ತು ಯಾವುದೆಂದು ನಮಗೆ ಗೊತ್ತು. ಬರಕ್ಕೆ ನೆರವಾಗುವುದು ವರ್ಷವಿಡೀ ಹರಿದುಬರುವ ಸಾಮಾನ್ಯ ದತ್ತಾಂಶ, ಆದ್ದರಿಂದ ತುರ್ತಿನಲ್ಲಿ ಹಂಚಿದರಷ್ಟೇ ಸಾಲದು.

ಭಾರತ ಈ ದಾರಿಯಲ್ಲಿ ನಡೆದದ್ದು ನಿಧಾನವಾಗಿ. 1980–90ರ ದಶಕಗಳಲ್ಲಿ ಇನ್ಸಾಟ್ ಉಪಗ್ರಹಗಳು ಹಿಂದೂ ಮಹಾಸಾಗರದ ಮೇಲೇ ನಿಂತಿದ್ದರೂ ಅವುಗಳ ಚಿತ್ರ ಹೊರಗಿನ ವಿಜ್ಞಾನಿಗಳಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಯುರೋಪಿನ ಉಪಗ್ರಹವನ್ನು ಎಳೆದು ತರಬೇಕಾದ ಸನ್ನಿವೇಶಕ್ಕೆ ಅದೂ ಒಂದು ಕಾರಣ. 2001ರ ದೂರಸಂವೇದಿ ದತ್ತಾಂಶ ನೀತಿ 5.8 ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳಿಗೆ ತಪಾಸಣೆಯ ಬೇಲಿ ಹಾಕಿತು. 2011ರಲ್ಲಿ ಆ ಗೆರೆ ಒಂದು ಮೀಟರಿಗೆ ಇಳಿಯಿತು. 2023ರ ಭಾರತೀಯ ಬಾಹ್ಯಾಕಾಶ ನೀತಿ, ಸರ್ಕಾರಿ ಉಪಗ್ರಹಗಳ ಐದು ಮೀಟರ್ ಮತ್ತು ಅದಕ್ಕಿಂತ ಸ್ಥೂಲ ಚಿತ್ರಗಳೆಲ್ಲ ಎಲ್ಲರಿಗೂ ಉಚಿತ ಎಂದಿತು. ರಿಸೋರ್ಸ್‌ಸ್ಯಾಟ್‌ನ ಚಿತ್ರಗಳನ್ನು ಈಗ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ‘ಭೂನಿಧಿ’ ತಾಣದಿಂದ ಯಾವ ವಿದ್ಯಾರ್ಥಿಯಾದರೂ ಇಳಿಸಿಕೊಳ್ಳಬಹುದು. ಇದು ಹದಿನೈದು ವರ್ಷ ಮೊದಲೇ ಆಗಬೇಕಿತ್ತು ಎನ್ನುವುದು ನನ್ನ ಎಣಿಕೆ. ಆಗ ಕಾಲೇಜು ಸೇರಿದವರು ನಮ್ಮದೇ ಉಪಗ್ರಹಗಳ ಚಿತ್ರದ ಮೇಲೆ ದೂರಸಂವೇದಿ ಕಲಿಯಬಹುದಿತ್ತು.

ಹಾಗೆಂದು ನಾವು ಬರೀ ಪಡೆದವರೂ ಅಲ್ಲ. 2009ರ ಸೆಪ್ಟೆಂಬರ್ 23ರಂದು ಹಾರಿದ ಓಷನ್‌ಸ್ಯಾಟ್‌–2ರಲ್ಲಿ ಸಮುದ್ರದ ಮೇಲಿನ ಗಾಳಿಯ ದಿಕ್ಕು–ವೇಗ ಅಳೆಯುವ ರಾಡಾರ್ ಉಪಕರಣವಿತ್ತು. ಅದಾಗಿ ಎರಡೇ ತಿಂಗಳಿಗೆ, ಅದೇ ಕೆಲಸವನ್ನು ಹತ್ತು ವರ್ಷದಿಂದ ಮಾಡುತ್ತಿದ್ದ ನಾಸಾದ ಕ್ವಿಕ್‌ಸ್ಕ್ಯಾಟ್‌ನ ಆಂಟೆನಾ ತಿರುಗುವುದು ನಿಂತಿತು. ಜಗತ್ತಿನ ಚಂಡಮಾರುತ ತಜ್ಞರಿಗೆ ಭಾರತದ ಅಳತೆ ಆಧಾರವಾಯಿತು. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ ಕಡೆ ಬಂದಾಗ ನಾಸಾ ಪ್ರಕಟಿಸಿದ ಗಾಳಿಯ ನಕ್ಷೆ ನಮ್ಮ ಉಪಕರಣದ್ದು. 2014ರ ಫೆಬ್ರುವರಿಯಲ್ಲಿ ಅದೂ ಕೆಟ್ಟಿತು. ಆ ವರ್ಷವೇ ನಾಸಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಥದ್ದೊಂದು ಉಪಕರಣ ಕಳಿಸಿತು. 2016ರಲ್ಲಿ ನಮ್ಮ ಸ್ಕ್ಯಾಟ್‌ಸ್ಯಾಟ್‌–1 ಬಂತು. ಅವರದು ಬಿದ್ದಾಗ ನಮ್ಮದು, ನಮ್ಮದು ಬಿದ್ದಾಗ ಅವರದು.

ಹೀಗೆ ಒಬ್ಬರ ಅಳತೆಯ ಜಾಗದಲ್ಲಿ ಇನ್ನೊಬ್ಬರ ಅಳತೆ ನಿಲ್ಲಬೇಕಾದರೆ ಎರಡರ ಮಾನವೂ ಒಂದೇ ಇರಬೇಕು. ಕಣ್ಣಿಗೆ ಕಾಣದ ಕೆಲಸ ಇರುವುದು ಇಲ್ಲಿ. ಲಿಬಿಯಾದ ಮರುಭೂಮಿಯಲ್ಲಿ ದಶಕಗಳಿಂದ ಬಣ್ಣ ಬದಲಾಗದ ಮರಳಿನ ಹರವು ಇದೆ. ಬೇರೆ ಬೇರೆ ದೇಶಗಳ ಉಪಗ್ರಹಗಳು ಅದನ್ನು ನೋಡಿ ತಮ್ಮ ಕ್ಯಾಮೆರಾ ಮಸುಕಾಗಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತವೆ. 1984ರಲ್ಲಿ ಹುಟ್ಟಿದ ಭೂ ವೀಕ್ಷಣಾ ಉಪಗ್ರಹಗಳ ಸಮಿತಿ ಎಲ್ಲ ಸಂಸ್ಥೆಗಳನ್ನೂ ಕೂರಿಸಿಕೊಂಡು ಇಂಥ ಮಾನದಂಡಗಳನ್ನು ಹೊಂದಿಸುತ್ತ ಬಂದಿದೆ. ಸುದ್ದಿಯಾಗದ ಈ ಸಭೆಗಳು ನಡೆಯದಿದ್ದರೆ ಹಂಚಿಕೆಯೆಂಬುದು ಅರ್ಥವಿಲ್ಲದ ಅಂಕಿಗಳ ರಾಶಿ.

2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಈ ಕಥೆಯ ಹೊಸ ಘಟ್ಟ. ಒಂದೇ ಉಪಗ್ರಹದಲ್ಲಿ ಎರಡು ರಾಡಾರ್. ಉದ್ದ ಅಲೆಯದ್ದು ನಾಸಾದ್ದು, ಗಿಡ್ಡ ಅಲೆಯದ್ದು ಇಸ್ರೊದ್ದು, ಎರಡಕ್ಕೂ 12 ಮೀಟರ್ ಅಗಲದ ಒಂದೇ ಆಂಟೆನಾ. ಕ್ಯಾಲಿಫೋರ್ನಿಯಾದಿಂದ ವಿಮಾನದಲ್ಲಿ ಬಂದ ಭಾಗಗಳನ್ನು ಉಪಗ್ರಹಕ್ಕೆ ಜೋಡಿಸಿದ್ದು ಬೆಂಗಳೂರಿನಲ್ಲಿ, ಯು.ಆರ್. ರಾವ್ ಅವರ ಹೆಸರನ್ನೇ ಹೊತ್ತ ಕೇಂದ್ರದಲ್ಲಿ. 12 ದಿನಕ್ಕೊಮ್ಮೆ ಬಹುಪಾಲು ನೆಲ ಮತ್ತು ಹಿಮವನ್ನು ಅಳೆದು, ಸೆಂಟಿಮೀಟರ್ ಮಟ್ಟದ ಚಲನೆಯನ್ನೂ ಹಿಡಿಯುವುದು ಅದರ ಗುರಿ. ಪಶ್ಚಿಮ ಘಟ್ಟದ ಇಳಿಜಾರುಗಳು ಕುಸಿಯುವ ಮೊದಲು ಮೆಲ್ಲಗೆ ಜರುಗುತ್ತವೆಯೇ ಎಂದು ನೋಡಬೇಕಾದ ನಮಗೆ ಇದಕ್ಕಿಂತ ಬೇಕಾದ ಉಪಕರಣ ಇನ್ನೊಂದಿಲ್ಲ. ದತ್ತಾಂಶ ಜಗತ್ತಿಗೆಲ್ಲ ಉಚಿತ. ದಿನಕ್ಕೆ ಸುಮಾರು 80 ಟೆರಾಬೈಟ್. ಶಿರಸಿಯ ಕಾಲೇಜಿನ ಕಂಪ್ಯೂಟರಿಗೆ ಇದು ಇಳಿಯುವುದಿಲ್ಲ. ದತ್ತಾಂಶ ಇರುವಲ್ಲಿಗೇ ಹೋಗಿ ಲೆಕ್ಕ ಮಾಡುವ ಸಾರ್ವಜನಿಕ ಕಂಪ್ಯೂಟರ್ ಸೌಲಭ್ಯವನ್ನು ನಮ್ಮ ವಿಶ್ವವಿದ್ಯಾಲಯಗಳಿಗೆ ಕೊಡದಿದ್ದರೆ ಬಾಗಿಲು ತೆರೆದಿದ್ದೂ ಒಳಗೆ ಹೋಗಲಾಗದ ಸ್ಥಿತಿ.

ಈ ಕೊಡುಕೊಳೆ ಶಾಶ್ವತವೆಂದು ನಂಬಿ ಕೂರುವಂತೆಯೂ ಇಲ್ಲ. 2025ರ ಜೂನ್ ಕೊನೆಯಲ್ಲಿ ಅಮೆರಿಕದ ರಕ್ಷಣಾ ಹವಾಮಾನ ಉಪಗ್ರಹಗಳ ಮೈಕ್ರೋವೇವ್ ದತ್ತಾಂಶ ಇನ್ನು ಕೆಲವೇ ದಿನಗಳಲ್ಲಿ ನಿಲ್ಲುತ್ತದೆ ಎಂಬ ಪ್ರಕಟಣೆ ಹೊರಬಿತ್ತು. ಧ್ರುವಗಳ ಹಿಮದ ದಶಕಗಳ ದಾಖಲೆ ನಿಂತಿರುವುದು ಅದರ ಮೇಲೆ, ರಾತ್ರಿ ಹೊತ್ತು ಚಂಡಮಾರುತದ ಒಳರಚನೆ ಕಾಣುವುದೂ ಅದರಿಂದ. ವಿಜ್ಞಾನಿಗಳ ಆಕ್ಷೇಪದ ನಡುವೆ ಗಡುವು ಒಂದು ತಿಂಗಳು ಮುಂದೆ ಹೋಯಿತು, ಆಮೇಲೆ ಹಂಚಿಕೆ ಮುಂದುವರಿಸುವ ನಿರ್ಧಾರ ಬಂತು. ಒಂದು ಕಚೇರಿಯ ಒಂದು ಪ್ರಕಟಣೆಗೆ ಇಷ್ಟೊಂದು ದೇಶಗಳ ಮುನ್ಸೂಚಕರು ಬೆಚ್ಚಬೇಕಾಯಿತಲ್ಲ, ಅದನ್ನು ನಾವು ಮರೆಯಬಾರದು. ನಮ್ಮದೇ ಉಪಗ್ರಹಗಳು ಹೆಚ್ಚಬೇಕಾದದ್ದು ಇದಕ್ಕೇ. ಕೊಡಲು ಕೈಯಲ್ಲಿ ಏನಾದರೂ ಇದ್ದವರ ಮಾತಿಗೆ ತೂಕ.

ಇನ್ನು ಉಳಿದದ್ದು ನೆಲದ ಲೆಕ್ಕ. ಉಪಗ್ರಹ ಹೇಳುವ ಮಳೆ, ತೇವ, ನದಿಯ ಮಟ್ಟ ಸರಿಯೇ ಎಂದು ನೋಡಲು ಕೆಳಗೆ ಮಳೆಮಾಪಕ ಬೇಕು, ಹೊಳೆಯ ದಡದ ಮಾಪನಪಟ್ಟಿ ಬೇಕು. ಇಲ್ಲಿ ದೇಶಗಳು ಇನ್ನೂ ಮುಷ್ಟಿ ಬಿಗಿಹಿಡಿದಿವೆ. 2017ರಲ್ಲಿ ಡೋಕ್ಲಾಂ ಬಿಕ್ಕಟ್ಟಿನ ವರ್ಷ ಬ್ರಹ್ಮಪುತ್ರದ ಪ್ರವಾಹ ಕಾಲದ ಅಂಕಿಗಳನ್ನು ಚೀನಾ ನಮಗೆ ಕೊಡಲಿಲ್ಲ. ನಮ್ಮ ಸರ್ಕಾರವೂ ಗಂಗಾ, ಬ್ರಹ್ಮಪುತ್ರ, ಸಿಂಧೂ ಕಣಿವೆಗಳ ನದಿ ಹರಿವಿನ ಅಂಕಿಗಳನ್ನು ಗೋಪ್ಯವೆಂದು ಇಟ್ಟಿದೆ. 2022ರ ಡಿಸೆಂಬರ್‌ನಲ್ಲಿ ಹಾರಿದ ಅಮೆರಿಕ–ಫ್ರಾನ್ಸ್‌ನ ಸ್ವಾಟ್ ಉಪಗ್ರಹ ದೊಡ್ಡ ನದಿಗಳ ನೀರಿನ ಮಟ್ಟವನ್ನು ಮೇಲಿನಿಂದ ಅಳೆದು ಎಲ್ಲರಿಗೂ ಕೊಡುತ್ತಿರುವಾಗ ಈ ಗೋಪ್ಯಕ್ಕೆ ಏನು ಅರ್ಥ ಉಳಿದಿದೆ ಎಂದು ಸರ್ಕಾರವನ್ನು ಕೇಳಬೇಕಾಗಿದೆ.

ಕರ್ನಾಟಕದ ಕೈಯಲ್ಲಿ ಇದಕ್ಕೆ ಬೇರೆ ದಾರಿ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ನೆಟ್ಟ ರಾಜ್ಯ ನಮ್ಮದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿವೆ. ಇಷ್ಟು ದಟ್ಟವಾದ ಜಾಲ ಜಗತ್ತಿನಲ್ಲಿ ಅಪರೂಪ. ಪ್ರತಿ ಮಾಪಕದ ಶುರುವಿನಿಂದ ಇವತ್ತಿನವರೆಗಿನ ಅಷ್ಟೂ ದಾಖಲೆ, ಮಾಪಕ ಕೆಟ್ಟಿದ್ದ ದಿನಗಳ ಟಿಪ್ಪಣಿಯೂ ಸೇರಿ, ಅರ್ಜಿ–ಅನುಮತಿಗಳ ಹಂಗಿಲ್ಲದೆ ಒಂದೇ ಕಡತವಾಗಿ ಜಗತ್ತಿನ ಯಾರಿಗಾದರೂ ಇಳಿಸಿಕೊಳ್ಳಲು ಸಿಗುವಂತಾಗಬೇಕು. ಅದಕ್ಕೆ ರಾಕೆಟ್ ಬೇಡ, ಸಾವಿರಾರು ಕೋಟಿ ಬೇಡ. ವಿಧಾನಸೌಧದ ಒಂದು ಆದೇಶ ಸಾಕು. ನಿಸಾರ್‌ನ ಮಣ್ಣಿನ ತೇವದ ಲೆಕ್ಕವನ್ನು ತಾಳೆ ನೋಡುವ ವಿಜ್ಞಾನಿಗಳು, ನಾಸಾದ ಪಾಸಡೇನಾದವರಾಗಲಿ ಇಸ್ರೊದ ಅಹಮದಾಬಾದಿನವರಾಗಲಿ, ಇಂಥ ದಾಖಲೆಯನ್ನೂ ಹುಡುಕುತ್ತಾರೆ.